ಸೊಸೈಟಿಯ ಲೆಕ್ಕ

ಮಾರ್ಚ್ 31 ದಾಟಿದರೆ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಲೆಕ್ಕ ಮುಗಿಸುವ ಗಡಿಬಿಡಿ. ಆಡಿಟ್ ಆಗಬೇಕು, ಸೆಪ್ಟೆಂಬರ್ 25ರೊಳಗೆ ಸರ್ವ ಸದಸ್ಯರ ಸಭೆಯೂ ನಡೆಯಬೇಕು. ಟ್ಯಾಂಕರ್ ರಸೀದಿ, ಜನರೇಟರ್ ಡೀಸೆಲ್ ಬಿಲ್, ಸೆಕ್ಯೂರಿಟಿಯವರ ಸಂಬಳ, ಎಲ್ಲವನ್ನೂ ಪಾಸ್‌ಬುಕ್ ಜೊತೆ ತಾಳೆ ನೋಡುತ್ತಾ ಕೂತಿದ್ದೇನೆ. ಕೆಲವು ರಸೀದಿಗಳ ಮೇಲೆ ಶಾಯಿಯೇ ಮಾಸಿದೆ.

"ಲಿಫ್ಟ್ ಚೆನ್ನಾಗೇ ಇದೆಯಲ್ಲ, ಸಿಂಕಿಂಗ್ ಫಂಡ್ ಯಾಕೆ ಸರ್?" ಅಂತ ಇವತ್ತೂ ಒಬ್ಬರು ಕೇಳಿದರು. ಮುಂದೆ ಬರುವ ದೊಡ್ಡ ರಿಪೇರಿಗಳಿಗೆ ಅಂತ ಮೊದಲೇ ಕೂಡಿಡುವ ಹಣ ಅದು. ನ್ಯಾಯವಾದ ಪ್ರಶ್ನೆಯೇ. ಆದರೆ ಲಿಫ್ಟಿನ ರೋಪ್ ಸವೆದ ದಿನ ಮನೆಮನೆಗೂ ಹೋಗಿ ಒಂದೇ ಸಲ ದೊಡ್ಡ ಮೊತ್ತ ಕೇಳಬೇಕಾಗುತ್ತದೆ. ಪೆನ್ಷನ್ ನಂಬಿಕೊಂಡಿರುವ ಹಿರಿಯರು ಎಲ್ಲಿಂದ ತರಬೇಕು? ತಿಂಗಳಿಗೆ ಸ್ವಲ್ಪ ಸ್ವಲ್ಪ ಕೂಡಿಟ್ಟರೆ ಅವರಿಗೆ ಜಾಸ್ತಿ ಭಾರ ಆಗಲ್ಲ, ಅಲ್ವಾ?

ಖರ್ಚಿನ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೇನೆ. ದಯವಿಟ್ಟು ಓದಿ, ಅನುಮಾನವಿದ್ದರೆ ಸಭೆಗೆ ಬಂದು ಕೇಳಿ.