ನಟ್ಟು ತಿರುಗಿಸಿ ಅಳೆದ ಹಲಗೆ

ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಇಡಲು ಅಡುಗೆಮನೆಯ ಎರಡು ಗೋಡೆಗಳ ನಡುವೆ ಒಂದು ಹಲಗೆ ಕೂರಿಸಬೇಕಿತ್ತು. ಗ್ಲಾಕೋಮಾದಿಂದ ನನ್ನ ಕಣ್ಣು ಹೋಗಿ ಒಂಬತ್ತು ವರ್ಷ. ಗರಗಸ ಹಿಡಿಯೋದು ಮಾತ್ರ ಬಿಟ್ಟಿಲ್ಲ.

ನನ್ನದು ದರ್ಜಿಗಳ ಟೇಪು. ಇಂಚಿಗೊಂದು ಸ್ಟೇಪ್ಲರ್ ಪಿನ್ನು, ಐದಕ್ಕೆ ಎರಡು, ಹತ್ತಕ್ಕೆ ಮೂರು. ಮೊದಲು ಎಲ್ಲಕ್ಕೂ ಒಂದೊಂದೇ ಇತ್ತು. ಇಪ್ಪತ್ಮೂರರ ತನಕ ಎಣಿಸಿದಾಗ ಆಯಿ "ತಮಾ, ಚಾ ಆತು ಬಾರೋ" ಅಂದರೆ ಮತ್ತೆ ಒಂದರಿಂದ ಶುರು. ಮಾತಾಡುವ ಟೇಪೂ ಸಿಗುತ್ತದೆ. ಆದರೆ ಶಿರಸಿಯ ಆಷಾಢದ ಮಳೆ ತಗಡಿನ ಮಾಡಿಗೆ ಬಡಿಯುವಾಗ ಅದರ ಇಂಗ್ಲಿಷ್ ಗೊಣಗಾಟ ಯಾರಿಗೆ ಕೇಳಬೇಕು?

ಕಷ್ಟ ಇರುವುದು ಇಂಚಿನೊಳಗೆ. ಜಾಗ 31 ಇಂಚು ದಾಟಿತ್ತು, 32 ಮುಟ್ಟಿರಲಿಲ್ಲ. ಅರ್ಧವೇ ಇರಬೇಕೆಂದು ಕೊಯ್ದೆ. ಒಳ್ಳೇ ಹಲಸಿನ ಹಲಗೆ, ಪಕ್ಕದಲ್ಲಿ ಜಿರಲೆ ಓಡಾಡುವಷ್ಟು ಸಂದಿ ಉಳಿಯಿತು. ಅದೀಗ ಆಯಿಯ ಮಣೆ.

ಅಮೆರಿಕದಲ್ಲಿ ಕಣ್ಣಿಲ್ಲದ ಬಡಗಿಗಳು ಕ್ಲಿಕ್ ರೂಲ್ ಬಳಸುತ್ತಾರೆ. ಕೊಳವೆಯೊಳಗಿನ ಸರಳನ್ನು ಎಳೆದಂತೆ 1/16 ಇಂಚಿಗೊಮ್ಮೆ 'ಕಟ್' ಎನ್ನುತ್ತದೆ. ಅದರ ಬದಲು ನಾನು ಹಾರ್ಡ್‌ವೇರ್ ಅಂಗಡಿಯಿಂದ ಒಂದಡಿ ಎಂ6 ಥ್ರೆಡ್ ರಾಡು, ಅಂದರೆ ಉದ್ದಕ್ಕೂ ಸ್ಕ್ರೂವಿನ ಸುರುಳಿ ಇರುವ ಆರು ಮಿಲಿಮೀಟರ್ ದಪ್ಪದ ಸರಳು, ಅದಕ್ಕೆ ಎರಡು ನಟ್ಟು ತಂದೆ. ಮಾಮೂಲಿ ಎಂ6 ಥ್ರೆಡ್ಡಿನಲ್ಲಿ ನಟ್ಟು ಒಂದು ಸುತ್ತು ತಿರುಗಿದರೆ ಸರಿಯುವುದು 1 ಮಿಲಿಮೀಟರ್. ಸುತ್ತು ಎಣಿಸಲು ನಟ್ಟಿನ ಒಂದು ಮೂಲೆಗೆ ಅರದಿಂದ ಕಚ್ಚು ಹಾಕಿಕೊಂಡೆ. ಮುಖ ಆರು, ಹಾಗಾಗಿ ಮಿಲಿಮೀಟರಿನ ಆರನೇ ಒಂದು ಪಾಲೂ ಬೆರಳಿಗೆ ಸಿಗುತ್ತದೆ. ಭರಣಿಗೆ ಅಷ್ಟು ನಾಜೂಕು ಯಾಕೆ ಎಂದು ಕೇಳಬೇಡಿ.

ಕೆಲಸಕ್ಕಿಳಿದರೆ ಹೆಚ್ಚಿನ ಎಣಿಕೆಯೇ ಬೇಕಾಗಲಿಲ್ಲ. 31 ಇಂಚಿನ ರೀಪನ್ನು ಒಂದು ಗೋಡೆಗೆ ತಾಗಿಸಿದೆ. ಅದರ ಮೇಲೆ ರಾಡು ಮಲಗಿಸಿ, ತುದಿ ಆಚೆ ಗೋಡೆ ಮುಟ್ಟಿದಾಗ ನಟ್ಟು ರೀಪಿನ ಕೊನೆಗೆ ಒತ್ತಿಕೊಳ್ಳುವಂತೆ ತಿರುಗಿಸಿದೆ. ಹಲಗೆ ಸಲೀಸಾಗಿ ಕೂರಲೆಂದು ಒಂದು ಸುತ್ತು ಕಮ್ಮಿ ಮಾಡಿ, ಎರಡನೇ ನಟ್ಟನ್ನು ಅದಕ್ಕೆ ಬಿಗಿದೆ. ಇನ್ನು ಜಾರುವ ಮಾತಿಲ್ಲ. ರೀಪು, ರಾಡು ಎರಡನ್ನೂ ಹಾಗೇ ಹಲಗೆಯ ಮೇಲಿಟ್ಟು, ರಾಡಿನ ತುದಿಯಲ್ಲಿ ಮೂಲೆಮಟ್ಟ ಹಿಡಿದು ಚೂರಿಯಿಂದ ಗೀರಿದೆ. ಪೆನ್ಸಿಲ್ ಗೆರೆ ನನಗೆ ಇದ್ದರೂ ಇಲ್ಲದಂತೆ. ಚೂರಿಯ ಗೀರಿನಲ್ಲಿ ಉಗುರು ನಿಲ್ಲುತ್ತದೆ.

ಸಣ್ಣಗೆ ಒಂದು ಗುದ್ದು ಕೊಟ್ಟೆ, ಹಲಗೆ ಕೂತಿತು.

"ಎಷ್ಟಿಂಚು ಬಂತೋ?" ಎಂದಳು ಆಯಿ, ಬೆರಳ ಗೆಣ್ಣಿನಲ್ಲಿ ಅನ್ನದ ನೀರು ನೋಡುವವಳು.

"ಗೊತ್ತಿಲ್ಲೆ" ಎಂದೆ. ಅಷ್ಟರಲ್ಲಿ ಭರಣಿ ಮೇಲೇರಿತ್ತು.