ನೆಲದಡಿ 14 ಮೀಟರ್ ಹಾರಿದ ವಿಮಾನ: ಲಾಗರ್ ಕೆಲಸದ ಮೂರನೇ ಕಂತು

ನನ್ನ ರಿಮೋಟ್ ಕಂಟ್ರೋಲ್ ಪುಟ್ಟ ವಿಮಾನದೊಳಗೆ ಹಾರಾಟದ ಅಳತೆಗಳನ್ನು ಬರೆದಿಡುವ ಲಾಗರ್ ಕೂರಿಸಿದ್ದೇನೆ, ಅದರ ಎತ್ತರದ ಲೆಕ್ಕ ಕೆಡಿಸುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿದ. ಮೂರು ವಾರ, ಹನ್ನೊಂದು ಹಾರಾಟ, ಎರಡು ಪ್ರೊಪೆಲ್ಲರ್, ಲೆಕ್ಕವಿಲ್ಲದಷ್ಟು ಡಬಲ್ ಟೇಪ್ ಖರ್ಚಾದ ಮೇಲೆ. ಅವನು ಇಷ್ಟು ದಿನವೂ ವಿಮಾನದ ಮೂಗಿನಲ್ಲೇ ಕೂತಿದ್ದ, ನಾನೇ ಚಾಕು ಹಿಡಿದು ಕೊರೆದ ತೂತಿನ ರೂಪದಲ್ಲಿ.

ವೈರಿಂಗ್, ವೋಲ್ಟೇಜ್ ಡಿವೈಡರ್, ಎಸ್‌ಡಿ ಕಾರ್ಡಿಗೆ ಬರೆಯುವ ಕೋಡ್ ಇದೆಲ್ಲ ನೀವೂ ಮಾಡಿರುವಂಥದ್ದೇ, ಬಿಟ್ಟುಬಿಡುತ್ತೇನೆ. ಈಗ ಒಳಗಿರುವುದು ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಒಂದು ಬ್ಯಾರೊಮೀಟರ್ ಸೆನ್ಸರ್, ಸೆಕೆಂಡಿಗೆ 5 ಸಲ ಜಾಗ ಹೇಳುವ ಜಿಪಿಎಸ್, ಬ್ಯಾಟರಿ ತಂತಿಯ ಮೇಲೊಂದು ಕರೆಂಟ್ ಸೆನ್ಸರ್. ಎಲ್ಲವೂ ಸೆಕೆಂಡಿಗೆ 20 ಸಾಲಿನಂತೆ ಕಾರ್ಡ್ ಸೇರುತ್ತವೆ. ವಿಮಾನ ಅದೇ ಹಳೆಯ ಫೋಮ್ ಟ್ರೈನರ್, 3 ಸೆಲ್ ಬ್ಯಾಟರಿ. ಮೂಗಿನ ಮೇಲೆ ಎಷ್ಟು ಸಲ ಬಿದ್ದಿದೆಯೆಂದರೆ ಅಲ್ಲಿ ಫೋಮ್‌ಗಿಂತ ಅಂಟೇ ಜಾಸ್ತಿ.

ಸೆನ್ಸರ್ ಬಗ್ಗೆ ಒಂದು ಮಾತು ಹೇಳದಿದ್ದರೆ ಹೊಟ್ಟೆ ತಣ್ಣಗಾಗುವುದಿಲ್ಲ. ತರಿಸಿದ್ದು ಒತ್ತಡದ ಜೊತೆ ತೇವಾಂಶವನ್ನೂ ಅಳೆಯುವ ಬಿಎಂಇ280. ಪೊಟ್ಟಣದ ಮೇಲೂ ಅದೇ ಹೆಸರು, ಬಿಲ್ಲಿನಲ್ಲೂ ಅದೇ. ಚಿಪ್ಪನ್ನೇ ಐಡಿ ಕೇಳಿದರೆ ಹೆಕ್ಸ್ 60 ಬರಬೇಕಾದ ಕಡೆ 58 ಬಂತು. ಅಂದರೆ ತೇವಾಂಶ ಅಳೆಯಲು ಬಾರದ ಬಿಎಂಪಿ280. ದೂರು ಕೊಟ್ಟರೆ 'ಎರಡೂ ನೋಡಲು ಒಂದೇ ಥರ ಇರುತ್ತವೆ ಸರ್' ಎಂಬ ಉತ್ತರ. ನೋಡುವುದಕ್ಕಾಗಿಯೇ ತರಿಸಿದ್ದರೆ ಗೋಡೆಗೆ ತೂಗುಹಾಕುತ್ತಿದ್ದೆ! ನನಗೆ ಬೇಕಿದ್ದದ್ದು ಎತ್ತರ ಮಾತ್ರ ಅಂತ ಜಗಳ ಬಿಟ್ಟೆ.

ಈಗ ವಿಷಯಕ್ಕೆ. ಮೊದಲ ಹಾರಾಟದ ಗ್ರಾಫ್ ತೆರೆದಾಗ ವಿಮಾನ ಏರಿದ್ದು ಸರಿಯಿತ್ತು, ಸುತ್ತು ಹೊಡೆದದ್ದೂ ಸರಿಯಿತ್ತು. ಆದರೆ ಫುಲ್ ಥ್ರಾಟಲ್‌ನಲ್ಲಿ ರನ್‌ವೇ ಮೇಲೆ ತಗ್ಗಿನಲ್ಲಿ ಹಾದುಹೋದಾಗಲೆಲ್ಲ ಎತ್ತರದ ಗೆರೆ ಸೊನ್ನೆ ದಾಟಿ ಕೆಳಗಿಳಿದಿದೆ. ಒಂದು ಕಡೆ ಮೈನಸ್ 14 ಮೀಟರ್. ಆ ಕ್ಷಣ ವಿಮಾನ ಗಾಳಿಚೀಲದ ಕಂಬದ ಎತ್ತರದಲ್ಲೇ ಇತ್ತು ಅಂತ ನಾನೂ ನೋಡಿದ್ದೆ, ಜೊತೆಗಿದ್ದವನೂ ನೋಡಿದ್ದ. ಲ್ಯಾಪ್‌ಟಾಪ್ ಇಣುಕಿದವನೇ, "ಏನೋ, ನಿನ್ನ ವಿಮಾನ ಬಾವಿ ತೋಡ್ತಾ ಇದೆಯಾ?" ಅಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿ ಈ ಲಾಗರ್. ಸೆನ್ಸರ್ ಪಾತಾಳ ಅಂದರೆ ಅದೂ ಪಾತಾಳ ಅಂತಲೇ ಬರೆದುಕೊಂಡಿದೆ.

ಥ್ರಾಟಲ್ ಏರಿದಾಗ ಎತ್ತರ ಇಳಿಯುತ್ತದೆ ಅಂದರೆ ಯಾರಿಗಾದರೂ ಮೊದಲು ಬರುವ ಅನುಮಾನ ಮೋಟಾರ್ ವೇಗ ನಿಯಂತ್ರಿಸುವ ಇಎಸ್‌ಸಿ ಮೇಲೆಯೇ. ಮೋಟಾರ್ ಕರೆಂಟ್ ಎಳೆದಾಗ ಲಾಗರ್‌ಗೆ ವಿದ್ಯುತ್ ಕೊಡುವ ಬಿಇಸಿಯ 5 ವೋಲ್ಟ್ ಕುಸಿಯುತ್ತಿರಬೇಕು ಅಂತ ದೊಡ್ಡದೊಂದು ಕೆಪಾಸಿಟರ್ ಹಾಕಿದೆ. ವಿದ್ಯುತ್ ನಾಯ್ಸ್ ತಡೆಯಲಿ ಅಂತ ತಂತಿಗೆ ಫೆರೈಟ್ ಉಂಗುರ ತೊಡಿಸಿದೆ. ಕೊನೆಗೆ ಲಾಗರ್‌ಗೆ ಬೇರೆಯದೇ ಪುಟ್ಟ ಬ್ಯಾಟರಿ ಕೊಟ್ಟು ಸಂಸಾರ ಬೇರೆ ಮಾಡಿದೆ. ಗೆರೆ ಕದಲಲಿಲ್ಲ. ಮೇಜಿನ ಮೇಲೆ ಪ್ರೊಪೆಲ್ಲರ್ ಬಿಚ್ಚಿಟ್ಟು ಮೋಟಾರ್ ಪೂರ್ತಿ ಓಡಿಸಿದರೆ ಮಾತ್ರ ಎಲ್ಲವೂ ನೆಟ್ಟಗೆ. ನಾನು ಎಡವಿದ್ದು ಇಲ್ಲೇ. ಪ್ರೊಪೆಲ್ಲರ್ ಇಲ್ಲದಿದ್ದರೆ ಲೋಡ್ ಇಲ್ಲ, ಲೋಡ್ ಇಲ್ಲದಿದ್ದರೆ ಕರೆಂಟ್ ಇಲ್ಲ, ಹಾಗಾಗಿ ನಾಯ್ಸ್ ಇಲ್ಲ ಅಂತ ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಪ್ರೊಪೆಲ್ಲರ್ ಇಲ್ಲದಿದ್ದರೆ ಗಾಳಿಯೂ ಇಲ್ಲ ಅನ್ನುವುದು ತಲೆಗೇ ಬರಲಿಲ್ಲ. ಒಂದು ವಾರ ಹೋಯಿತು.

ನಡುವೆ ಬೆಳಕಿನ ಮೇಲೂ ಅನುಮಾನ ಬಂತು. ಈ ಸೆನ್ಸರ್‌ಗಳ ತಗಡಿನ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತಿರುತ್ತದಲ್ಲ, ಅದರಲ್ಲಿ ಬಿಸಿಲು ಒಳಗಿನ ಸಿಲಿಕಾನ್ ಮೇಲೆ ಬಿದ್ದರೆ ಅಳತೆ ಹಾದಿ ತಪ್ಪುತ್ತದೆ. ನನ್ನ ವಿಮಾನದ ಮೇಲ್ಮುಚ್ಚಳ (ಕ್ಯಾನೊಪಿ) ಪಾರದರ್ಶಕ. ಕಪ್ಪು ಸ್ಪಂಜಿನ ಚೂರು ಮುಚ್ಚಿದ ಮೇಲೆ ತಿರುವುಗಳಲ್ಲಿ ಕಾಣುತ್ತಿದ್ದ ಸಣ್ಣ ಕಚಗುಳಿ ನಿಂತಿತು, ಪಾತಾಳ ಯಾತ್ರೆ ನಿಲ್ಲಲಿಲ್ಲ.

ಸುಳಿವು ಸಿಕ್ಕಿದ್ದು ಒಂಬತ್ತನೇ ಹಾರಾಟದಲ್ಲಿ. ಬೇಸರಕ್ಕೆ ಮೋಟಾರ್ ಆಫ್ ಮಾಡಿ ಮೇಲಿಂದ ಧುಮುಕಿಸಿ, ರನ್‌ವೇ ಮೇಲೆ ಸೊಯ್ಯನೆ ಎಳೆದೆ. ರಾತ್ರಿ ಗ್ರಾಫ್ ನೋಡಿದರೆ ಕರೆಂಟಿನ ಗೆರೆ ಸೊನ್ನೆಯಲ್ಲಿ ಹಾಯಾಗಿ ಮಲಗಿದೆ, ಎತ್ತರದ ಗೆರೆ ಮತ್ತೆ ನೆಲದಡಿ. ಮೋಟಾರೇ ಓಡದಿರುವಾಗ ಇಎಸ್‌ಸಿಯನ್ನು ಬೈದು ಏನು ಪ್ರಯೋಜನ? ತಪ್ಪನ್ನು ವೇಗದ ಪಕ್ಕದಲ್ಲಿಟ್ಟು ನೋಡಿದೆ. ಗಾಳಿಯಿಲ್ಲದ ಬೆಳಗ್ಗೆ ಹಾರಿಸಿದ್ದರಿಂದ ಜಿಪಿಎಸ್ ವೇಗವನ್ನೇ ಗಾಳಿವೇಗ ಅಂದುಕೊಂಡೆ. ಸೆಕೆಂಡಿಗೆ 9 ಮೀಟರ್ ವೇಗದಲ್ಲಿ ಮೂರೂವರೆ ಮೀಟರ್ ತಪ್ಪು. 18ರಲ್ಲಿ ಹತ್ತಿರ ಹತ್ತಿರ 14. ವೇಗ ಎರಡು ಪಟ್ಟು, ತಪ್ಪು ನಾಲ್ಕು ಪಟ್ಟು. ಶಾಲೆಯಲ್ಲಿ ಓದಿದ ಅರ್ಧ ರೋ ವಿ ವರ್ಗ (ಗಾಳಿಯ ಒತ್ತಡದ ಸೂತ್ರ; ರೋ ಅಂದರೆ ಸಾಂದ್ರತೆ, ವಿ ಅಂದರೆ ವೇಗ) ಎದ್ದು ಬಂದು ಕಿವಿ ಹಿಂಡಿದ ಹಾಗಾಯಿತು.

ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 18 ಮೀಟರ್ ವೇಗದ ಗಾಳಿಯನ್ನು ತಡೆದು ನಿಲ್ಲಿಸಿದರೆ ಹುಟ್ಟುವ ಒತ್ತಡ ಸುಮಾರು 200 ಪಾಸ್ಕಲ್. ನೆಲದ ಹತ್ತಿರ ಒಂದು ಮೀಟರ್ ಎತ್ತರಕ್ಕೆ ಸುಮಾರು 12 ಪಾಸ್ಕಲ್. ಭಾಗಿಸಿದರೆ ಹದಿನಾರು ಹದಿನೇಳು ಮೀಟರ್. ಅದರಲ್ಲಿ ಬಹುಪಾಲು ನನ್ನ ಸೆನ್ಸರ್ ತಲೆ ಮೇಲೆ ಬಿದ್ದಿದೆ. ಯಾಕೆಂದರೆ ಇಎಸ್‌ಸಿ ತಂಪಾಗಲಿ ಅಂತ ಮೂಗಿನಲ್ಲಿ ಹೆಬ್ಬೆರಳು ಹೋಗುವಷ್ಟು ತೂತು ಮಾಡಿದ್ದೆ, ಹಿಂದೆ ಗಾಳಿ ಹೊರಹೋಗಲು ಪೆನ್ಸಿಲ್ ತೂರುವಷ್ಟು. ಒಳಬರುವ ಬಾಗಿಲಿಗಿಂತ ಹೊರಹೋಗುವುದು ದೊಡ್ಡದಿರಬೇಕು ಅನ್ನುವುದು ಗೊತ್ತಿಲ್ಲದ್ದೇನಲ್ಲ, ಅವತ್ತು ಚಾಕು ಮೊಂಡಾಗಿತ್ತು. ಇಡೀ ಫ್ಯೂಸಲೇಜ್ (ವಿಮಾನದ ಒಡಲು) ಬಲೂನಿನಂತೆ ಉಬ್ಬಿಕೊಂಡು ಹಾರುತ್ತಿತ್ತು. ಒಳಗೆ ಒತ್ತಡ ಜಾಸ್ತಿಯಾದರೆ ಸೆನ್ಸರ್ ಪಾಲಿಗೆ ವಿಮಾನ ಇಳಿದ ಹಾಗೆ.

ಖಚಿತ ಮಾಡಿಕೊಳ್ಳಲು ಟೇಬಲ್ ಫ್ಯಾನ್ ಮುಂದೆ ವಿಮಾನ ಇಟ್ಟೆ. ಎತ್ತರ ಒಂದು ಮೀಟರ್ ಇಳಿಯಿತು. ಮೂಗಿನ ತೂತಿಗೆ ಟೇಪ್ ಅಂಟಿಸಿದೆ, ಸೊನ್ನೆಗೆ ಬಂತು. ಕಿತ್ತೆ, ಇಳಿಯಿತು. ಮಕ್ಕಳ ಆಟದ ಹಾಗೆ ಹತ್ತು ಸಲ ಮಾಡಿದೆ.

ಪರಿಹಾರ: ಮಾತ್ರೆ ಡಬ್ಬಿಯೊಳಗೆ ಸೆನ್ಸರ್, ಮುಚ್ಚಳಕ್ಕೆ ಸಿಲಿಕೋನ್ ಕೊಳವೆ, ಕೊಳವೆಯ ಇನ್ನೊಂದು ತುದಿ ರೆಕ್ಕೆಗೂ ಬಾಲಕ್ಕೂ ನಡುವೆ ಫ್ಯೂಸಲೇಜ್‌ನ ಪಕ್ಕಕ್ಕೆ. (ಕೊಳವೆ 2 ಮಿಲಿಮೀಟರ್ ಕೇಳಿದ್ದೆ, ಬಂದದ್ದು 4. ಈ ಸಲ ದೂರು ಕೊಡಲಿಲ್ಲ, ಎರಡೂ ನೋಡಲು ಒಂದೇ ಥರ ಇರುತ್ತವಲ್ಲ.) ಕೊಳವೆಯನ್ನು ತುಟಿಗಿಟ್ಟು ಮೆಲ್ಲಗೆ ಉಸಿರೆಳೆದರೆ ಪರದೆಯಲ್ಲಿ ವಿಮಾನ 60 ಮೀಟರ್ ಏರಿತು. ಬೆರಳಲ್ಲಿ ಹಿಸುಕಿ ಹಿಡಿದರೆ ನಾಲ್ಕೇ ಸೆಕೆಂಡಿನಲ್ಲಿ ವಾಪಸ್. ತಂತಿ ಹೊರಬರುವ ಕಡೆ ಸೋರುತ್ತಿತ್ತು. ಹಾಟ್ ಗ್ಲೂ ಸುರಿದ ಮೇಲೆ ನಾನು ಬಿಡುವ ತನಕ 60ರಲ್ಲೇ ನಿಂತಿತು.

ಹತ್ತನೇ ಹಾರಾಟದಲ್ಲಿ ಪಾತಾಳ ಮಾಯ. ಆದರೆ ಮೂಗನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್ ಬಲಕ್ಕೆ ಒತ್ತಿದರೆ ಎರಡು ಮೀಟರ್ ಇಳಿತ, ಎಡ ಒತ್ತಿದರೆ ಏರಿಕೆ. ಎಡಗಡೆ ಒಂದೇ ತೂತಿಟ್ಟ ಸೋಮಾರಿತನಕ್ಕೆ ಕಟ್ಟಿದ ದಂಡ ಅದು. ಮೂಗು ಬಲಕ್ಕೆ ತಿರುಗಿದರೆ ಗಾಳಿ ಎಡ ಮಗ್ಗುಲಿಗೆ ಬಡಿಯುತ್ತದೆ. ಎರಡೂ ಪಕ್ಕ ತೂತಿಟ್ಟು ಟಿ ಜೋಡಣೆಯಲ್ಲಿ ಸೇರಿಸಿದೆ, ತೂತಿನ ಅಂಚಲ್ಲಿ ಉಬ್ಬಿದ್ದ ಅಂಟನ್ನು ಮರಳು ಕಾಗದದಿಂದ ಉಜ್ಜಿ ಸಮ ಮಾಡಿದೆ. ಹನ್ನೊಂದನೇ ಹಾರಾಟದಲ್ಲಿ ಫುಲ್ ಥ್ರಾಟಲ್‌ನಲ್ಲೂ ತಪ್ಪು ಒಂದು ಮೀಟರ್ ಒಳಗೆ. ಹಿಂದಿನ ಕಿಂಡಿಯನ್ನೂ ದೊಡ್ಡದು ಮಾಡಿದ್ದರಿಂದ ಇಳಿದ ಮೇಲೆ ಇಎಸ್‌ಸಿಯನ್ನು ಈಗ ಕೈಯಲ್ಲಿ ಮುಟ್ಟಬಹುದು.

ಇಷ್ಟಕ್ಕೇ ಸುಮ್ಮನಿರುವ ಜೀವವೇ ಇದು? ವೇಗದ ವರ್ಗಕ್ಕೆ ತಕ್ಕ ಹಾಗೆ ಬರುವ ಈ ತಪ್ಪನ್ನು ಬೇಕೆಂದೇ, ಆದರೆ ತಿರುಗುಮುರುಗಾಗಿ, ಹುಟ್ಟಿಸಿದರೆ ಅದೇ ಟೋಟಲ್ ಎನರ್ಜಿ ಪ್ರೋಬ್. ಗ್ಲೈಡರ್ ಬಾಲದ ಮೇಲೆ ಮುಂದಕ್ಕೆ ಬಾಗಿದ ಸಣ್ಣ ಕೊಳವೆ, ಅದರ ಬೆನ್ನಲ್ಲಿ ತೂತು. ವೇಗದಿಂದ ಹುಟ್ಟುವ ಒತ್ತಡದಷ್ಟನ್ನೇ ಅದು ಕಳೆದು ತೋರಿಸುತ್ತದೆ. ಮೂಗು ಮೇಲೆತ್ತುವ ಎಲಿವೇಟರ್ ಎಳೆದು ವೇಗ ಮಾರಿ ಎತ್ತರ ಕೊಂಡರೆ ಏರಿಳಿತದ ವೇಗ ಹೇಳುವ ವೇರಿಯೊಮೀಟರ್ ಮೋಸ ಹೋಗುವುದಿಲ್ಲ, ನಿಜವಾದ ಥರ್ಮಲ್ (ಮೇಲೇರುವ ಬಿಸಿಗಾಳಿ) ಸಿಕ್ಕಾಗ ಮಾತ್ರ ಕೂಗುತ್ತದೆ. ಎರಡು ಮೀಟರ್ ರೆಕ್ಕೆಯ ಗ್ಲೈಡರ್ ಅಟ್ಟದ ಮೇಲೆ ದೂಳು ತಿನ್ನುತ್ತಿದೆ. ಅದರ ಬಾಲಕ್ಕೆ ಅಂತ 2 ಮಿಲಿಮೀಟರ್ ಹಿತ್ತಾಳೆ ಕೊಳವೆ ಹೇಳಿಯಾಗಿದೆ, ಅದೇ ಅಂಗಡಿಗೆ. 4 ಬಂದರೆ ಈಗಿನ ಸಿಲಿಕೋನ್ ಕೊಳವೆಗಾದರೂ ಸರಿಹೊಂದುತ್ತದೆ.