ಸಿಪ್ಪೆ ದೋಸೆಯ ಭಾನುವಾರ

27 ಏಪ್ರಿಲ್ 2025, ಭಾನುವಾರ
ಮೈಸೂರು

ಬೆಳಿಗ್ಗೆ ಆರೂವರೆಗೆ ಅಡುಗೆಮನೆಗೆ ಹೋದರೆ ಅತ್ತೆ ಮಣೆ ಹಾಕಿಕೊಂಡು ಸಿಲಿಂಡರ್ ಮುಂದೆ ಕೂತಿದ್ದರು. ಕೈಯಲ್ಲಿ ಒದ್ದೆ ಬಟ್ಟೆ. ಜ್ವರ ಬಂದ ಮಗುವಿನ ಮೈ ಒರೆಸುತ್ತಾರಲ್ಲ, ಹಾಗೆ ಸಿಲಿಂಡರಿನ ಮೈ ಒರೆಸುತ್ತಿದ್ದರು.

'ಏನ್ಮಾಡ್ತಿದ್ದೀರಿ ಅತ್ತೆ?'

'ಗ್ಯಾಸ್ ಎಷ್ಟಿದೆ ಅಂತ ನೋಡ್ತಿದ್ದೆ ಮಾರಾಯ್ತಿ. ತಡಿ, ಈಗ ಗೆರೆ ಬೀಳುತ್ತೆ.'

ಬಿತ್ತು. ಒದ್ದೆ ಮಾಡಿ ಒಂದೆರಡು ನಿಮಿಷ ಬಿಟ್ಟರೆ ಮೇಲಿನ ಖಾಲಿ ಭಾಗ ಬೇಗ ಒಣಗುತ್ತದೆ. ಒಳಗೆ ಗ್ಯಾಸ್ ನೀರಿನ ಹಾಗೆ ನಿಂತಿರುವ ಕಡೆ ಮಾತ್ರ ತೇವ ಹಾಗೇ ಉಳಿಯುತ್ತದೆ. ಆ ಭಾಗ ತಣ್ಣಗಿರುವುದರಿಂದ ಆರುವುದು ನಿಧಾನ. ತೇವದ ಗೆರೆ ತಳದಿಂದ ಬರೀ ಎರಡು ಬೆರಳು ಮೇಲಿತ್ತು. 'ಇವತ್ತು ನಾಳೆ ಬರುತ್ತೆ' ಎಂದು ಅತ್ತೆ ತೀರ್ಪು ಕೊಟ್ಟರು.

ಗೋಡೆಯ ಮೇಲಿನ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೋಡಿದೆ. ಮಾರ್ಚ್ 14ರ ಮನೆಯಲ್ಲಿ ಕೆಂಪು ಪೆನ್ನಿನಲ್ಲಿ 'ಗ್ಯಾ' ಎಂದು ಬರೆದಿದೆ. ಇವತ್ತಿಗೆ 44 ದಿನ. ನಾಲ್ಕು ಜನರ ಮನೆಯಲ್ಲಿ 14.2 ಕೆಜಿ ಸಿಲಿಂಡರ್ 44 ದಿನ ಬಂದಿದ್ದು ನಮ್ಮ ಪಾಲಿಗೆ ದಾಖಲೆ. ಹೋದ ವರ್ಷವೆಲ್ಲ 37, 38 ದಿನಕ್ಕೆ ಮುಗಿಯುತ್ತಿತ್ತು. ಜಾದೂ ಏನೂ ಮಾಡಿಲ್ಲ. ಬೇಳೆ ಅರ್ಧ ಗಂಟೆ ಮೊದಲೇ ನೆನೆಹಾಕುವುದು. ಅನ್ನ, ಬೇಳೆ, ತರಕಾರಿ ಮೂರನ್ನೂ ಒಂದೇ ಕುಕ್ಕರಿನಲ್ಲಿ ಒಂದರ ಮೇಲೊಂದು ಇಡುವುದು. ಮೊದಲ ವಿಷಲ್ ಆದಮೇಲೆ ಉರಿ ಸಣ್ಣ ಮಾಡುವುದು. ಇಷ್ಟೇ. ಈ ತಿಂಗಳ 8ರಿಂದ ಸಿಲಿಂಡರಿಗೆ 50 ರೂಪಾಯಿ ಏರಿದೆ. ಹಾಲಿಗೆ 1ನೇ ತಾರೀಖಿನಿಂದ ಲೀಟರಿಗೆ 4 ರೂಪಾಯಿ. ಏಳು ದಿನದ ಗ್ಯಾಸ್ ಉಳಿಸಿದ ಖುಷಿಯನ್ನು ಅವೆರಡೂ ಸೇರಿ ನುಂಗಿ ಹಾಕಿದವು ಬಿಡಿ.

ಮಗಳಿಗೆ ಬೇಸಿಗೆ ರಜೆ. ಎಂಟನೇ ಕ್ಲಾಸಿಗೆ ಹೋಗುತ್ತಾಳೆ, ಮಾಡಲು ಕೆಲಸವಿಲ್ಲ. ನಾನು ಮತ್ತು ಅವಳ ಅಜ್ಜಿ ಕ್ಯಾಲೆಂಡರ್ ಮುಂದೆ ನಿಂತು ಲೆಕ್ಕ ಹಾಕುವುದನ್ನು ನೋಡಿ ಹಳೇ ನೋಟ್‌ಬುಕ್ಕಿನ ಹಿಂದಿನ ಹಾಳೆ ತೆಗೆದಳು. ಎರಡು ಕಾಲಂ ಗೀಚಿದಳು. ಒಂದರಲ್ಲಿ ಎಷ್ಟು ರೂಪಾಯಿ ಉಳಿಯಿತು, ಇನ್ನೊಂದರಲ್ಲಿ ಎಷ್ಟು ನಿಮಿಷ ಹೋಯಿತು. 'ಇವತ್ತು ಮನೇಲಿ ಏನೇ ಉಳಿಸಿದ್ರೂ ನಂಗೆ ಹೇಳ್ಬೇಕು' ಎಂದು ಅಪ್ಪಣೆ ಆಯಿತು. ಸುಮ್ನೆ ಆಟ ಅಂದುಕೊಂಡೆ.

ಮೊದಲು ಸಿಕ್ಕಿಬಿದ್ದಿದ್ದು ಹಾಲಿನ ಕವರ್. ನಮ್ಮನೆಯಲ್ಲಿ ದಿನಕ್ಕೆ ಅರ್ಧ ಲೀಟರಿನ ಮೂರು ಪ್ಯಾಕೆಟ್. ಅತ್ತೆ ಮೂಲೆಯನ್ನು ಪೂರ್ತಿ ಕತ್ತರಿಸುವುದಿಲ್ಲ, ಸ್ವಲ್ಪ ಅಂಟಿಕೊಂಡೇ ಇರುವ ಹಾಗೆ ಸೀಳುತ್ತಾರೆ. ಆ ಚೂರು ಬೇರೆಯಾದರೆ ಗುಜರಿಗೂ ಹೋಗದೆ ಚರಂಡಿ ಸೇರುತ್ತದೆ ಅಂತ. ಹಾಲು ಬಗ್ಗಿಸಿದ ಮೇಲೆ ಕವರಿಗೆ ಒಂದು ಗುಟುಕು ನೀರು ಹಾಕಿ ಕುಲುಕಿ ಕರಿಬೇವಿನ ಬುಡಕ್ಕೆ. ಆಮೇಲೆ ತೊಳೆದು, ತಂತಿಗೆ ಕ್ಲಿಪ್ ಹಾಕಿ ಒಣಗಿಸಿ, ಮಡಿಸಿ ಚೀಲಕ್ಕೆ. ದಿನಕ್ಕೆ ಮೂರು ನಿಮಿಷ ಎಂದು ಮಗಳು ಗಡಿಯಾರ ಹಿಡಿದು ಬರೆದುಕೊಂಡಳು. ಹೋದ ಸಲ ಮೂರು ತಿಂಗಳ ಕವರಿಗೆ ಹಳೇ ಪೇಪರ್ ಅಂಗಡಿಯವನು ಕೊಟ್ಟಿದ್ದು 11 ರೂಪಾಯಿ. ಮೂರು ತಿಂಗಳಿಗೆ 270 ನಿಮಿಷ, ಅಂದರೆ ನಾಲ್ಕೂವರೆ ಗಂಟೆ.

'ಅಜ್ಜೀ, ನಿಂಗೆ ಗಂಟೆಗೆ ಎರಡೂವರೆ ರೂಪಾಯಿನೂ ಬೀಳಲ್ಲ!'

ಅತ್ತೆ ತಲೆ ಎತ್ತಲೂ ಇಲ್ಲ. 'ದುಡ್ಡಿಗೆ ಯಾರು ತೊಳೀತಾರೆ? ಹಾಲಿನ ವಾಸನೆಗೆ ಬೀದಿ ದನ ಕವರ್ ತಿನ್ನುತ್ತೆ. ಅದಕ್ಕೆ ತೊಳೆಯೋದು.'

ಮಗಳು ಪೆನ್ಸಿಲ್ ಕಚ್ಚಿಕೊಂಡು ಸ್ವಲ್ಪ ಹೊತ್ತು ಕೂತಳು. ದನಕ್ಕೆ ಅವಳ ಹತ್ತಿರ ಕಾಲಂ ಇರಲಿಲ್ಲ.

ನನಗೂ ಈ ಲೆಕ್ಕ ಸ್ವಲ್ಪ ಚುಚ್ಚಿತು. ಯಾಕೆಂದರೆ ಹತ್ತು ಗಂಟೆಯಷ್ಟರಲ್ಲಿ ನಿಮಿಷದ ಕಾಲಂ ತುಂಬ ಬರೀ 'ಅಮ್ಮ', 'ಅಜ್ಜಿ', 'ಅಮ್ಮ', 'ಅಮ್ಮ'. ಫಿಲ್ಟರಿನಿಂದ ಹೊರಬೀಳುವ ನೀರನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸುವುದು, ಅಮ್ಮ. ನಿನ್ನೆಯ ಅನ್ನ ಚಿತ್ರಾನ್ನ ಆಗಿದ್ದು, ಅಮ್ಮ. ಅಪ್ಪನ ಷರ್ಟಿನ ಕಾಲರ್ ಬಿಚ್ಚಿ ತಿರುಗಿಸಿ ಹೊಲಿದದ್ದು, ಅಜ್ಜಿ. ರೂಪಾಯಿ ಉಳಿಯುವುದು ಮನೆಗೆ, ನಿಮಿಷ ಹೋಗುವುದು ನಮ್ಮಿಬ್ಬರದು. ಮಿತವ್ಯಯದ ಬಗ್ಗೆ ಉಪದೇಶ ಮಾಡುವವರು ಈ ಎರಡನೇ ಕಾಲಂ ಎಳೆಯುವುದೇ ಇಲ್ಲ ಅಲ್ವಾ?

ಇವರು ಪೇಪರ್ ಓದುತ್ತಾ ಕೂತಿದ್ದರು. ಮಗಳು ನೋಟ್‌ಬುಕ್ ಹಿಡಿದು ಎದುರಿಗೆ ನಿಂತಳು. 'ಅಪ್ಪ, ನಿಂದೇನು?' ಅಂದಳು. ಪಾಪ, ಮಿಕ್ಸಿ ಎತ್ತಿಕೊಂಡು ಬಂದರು.

ಮಿಕ್ಸಿ ಬುಧವಾರ ಕೈಕೊಟ್ಟಿತ್ತು. ಮೋಟಾರ್ ಗುಂಯ್ ಅನ್ನುತ್ತದೆ, ಜಾರಿನೊಳಗಿನ ಬ್ಲೇಡ್ ಮಾತ್ರ ತಿರುಗುವುದಿಲ್ಲ. ಒಂದು ಸರ್ವಿಸ್ ಸೆಂಟರಿನಲ್ಲಿ ಅದನ್ನು ಬಿಚ್ಚಿಯೂ ನೋಡದೆ 'ಮೇಡಂ, ಮೋಟಾರ್ ಹೋಗಿದೆ, ಹೊಸದು ತಗೊಳಿ, ಎಕ್ಸ್‌ಚೇಂಜ್ ಇದೆ' ಅಂದರು. ಮೋಟಾರ್ ಹೋಗಿದ್ದರೆ ಗುಂಯ್ ಅನ್ನುವುದು ಯಾರು? ವಾಪಸ್ ತಂದು ನಮ್ಮ ಬೀದಿ ಕೊನೆಯ ರಿಪೇರಿಯವರಿಗೆ ತೋರಿಸಿದೆ. ಅವರು ಜಾರ್ ತೆಗೆದು ಕೆಳಗೆ ಬೆರಳಿಟ್ಟು ತೋರಿಸಿದರು. ಮೋಟಾರಿನ ತಿರುಗುವಿಕೆಯನ್ನು ಜಾರಿಗೆ ದಾಟಿಸುವ ಕಪ್ಲರಿನ ಹಲ್ಲು ಪೂರ್ತಿ ಸವೆದಿತ್ತು. ಹೊಸ ಕಪ್ಲರ್ 60 ರೂಪಾಯಿ. 'ನೀವೇ ಹಾಕ್ಕೊಳ್ಳಿ ಅಕ್ಕ, ಇದಕ್ಕೆ ಕೂಲಿ ಬೇಡ. ತಿರುಪು ಉಲ್ಟಾ ಇರುತ್ತೆ, ಅದೊಂದು ನೆನಪಿಟ್ಕೊಳ್ಳಿ' ಎಂದರು.

ಇವರು ನೆನಪಿಟ್ಟುಕೊಳ್ಳಲಿಲ್ಲ. ಎಲ್ಲ ತಿರುಪಿನ ಹಾಗೆ ಎಡಕ್ಕೆ ತಿರುಗಿಸಿ ತಿರುಗಿಸಿ ಇನ್ನೂ ಬಿಗಿ ಮಾಡಿದರು. ಕೊನೆಗೆ ಮಿಕ್ಸಿ ಬೋರಲು ಹಾಕಿ, ಕೆಳಗಿನಿಂದ ಸ್ಕ್ರೂಡ್ರೈವರ್ ತೂರಿಸಿ ಮೋಟಾರಿನ ದಂಡ ಅಲ್ಲಾಡದ ಹಾಗೆ ಹಿಡಿದು, ಇಕ್ಕಳದಲ್ಲಿ ಬಲಕ್ಕೆ ತಿರುಗಿಸಿದಾಗ ಟಕ್ ಎಂದು ಸಡಿಲವಾಯಿತು. ಕೆಲಸ ಐದು ನಿಮಿಷದ್ದು. ಸ್ಕ್ರೂಡ್ರೈವರ್ ಹುಡುಕಲು ಇಪ್ಪತ್ತೈದು ನಿಮಿಷ. ಮಗಳು ಮೂವತ್ತೂ ಬರೆದುಕೊಂಡಳು. ರೂಪಾಯಿ ಕಾಲಮಿನಲ್ಲಿ ಹೊಸ ಮಿಕ್ಸಿಯ ಬೆಲೆಯನ್ನೇ ಬರೆಸಿಕೊಂಡು ಇವರು ಇಡೀ ದಿನ ಎದೆ ಉಬ್ಬಿಸಿಕೊಂಡು ಓಡಾಡಿದರು.

ಉಳಿತಾಯದ ಹೆಸರಿನಲ್ಲಿ ನಾನು ಮಾಡಿದ ಘನ ಕಾರ್ಯವನ್ನೂ ಬರೆದುಬಿಡುತ್ತೇನೆ, ಅತ್ತೆ ಹೇಗೂ ಮರೆಯಲು ಬಿಡುವುದಿಲ್ಲ. ಹೋದ ವರ್ಷ ಬಯೋಎಂಜೈಮ್ ಮಾಡಲು ಹೊರಟಿದ್ದೆ. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ ಮೂಸಂಬಿ ಸಿಪ್ಪೆ, ಹತ್ತು ಪಾಲು ನೀರು, ಮೂರು ತಿಂಗಳು ಕೊಳೆಯಲು ಬಿಟ್ಟರೆ ನೆಲ ಒರೆಸುವ ದ್ರಾವಣ ಸಿದ್ಧ. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸಿ ಒಳಗಿನ ಗಾಳಿ ಬಿಡಬೇಕು. ಮದುವೆಗೆ ಅಂತ ನಾಲ್ಕು ದಿನ ಊರಿಗೆ ಹೋಗಿದ್ದೆವು. ಬಂದು ನೋಡಿದರೆ ಬಾಟಲಿ ಸಿಡಿದು ಪಾತ್ರೆ ತೊಳೆಯುವ ಜಾಗದ ಗೋಡೆ, ಕಿಟಕಿ, ಸೂರು ಎಲ್ಲ ಅಂಟು. ಇರುವೆಗಳ ಜಾತ್ರೆ. ಅದನ್ನು ತೊಳೆಯಲು ಅಂಗಡಿಯಿಂದ ಫಿನಾಯಿಲ್ ತಂದೆ. ಬೆಲ್ಲದ ದುಡ್ಡಿಗೇ ಫಿನಾಯಿಲ್ ಬರುತ್ತಿತ್ತಲ್ಲ ಅಂತ ಆಮೇಲೆ ಹೊಳೆಯಿತು.

ಮಧ್ಯಾಹ್ನ ಊಟವಾದ ಮೇಲೆ ಕಲ್ಲಂಗಡಿ ಹೆಚ್ಚಿದೆವು. ಸಿಪ್ಪೆಯನ್ನು ಬುಟ್ಟಿಗೆ ಹಾಕಲು ಕೈ ಎತ್ತಿದ್ದೆ ಅಷ್ಟೇ.

'ಎಂತಕ್ಕೆ ಬಿಸಾಡ್ತೀಯ ಮಾರಾಯ್ತಿ? ಅಕ್ಕಿ ನೆನೆಹಾಕು.'

ಅತ್ತೆ ಸಾಗರದ ಕಡೆಯವರು. ಅವರ ಊರಿನಲ್ಲಿ ಸಿಪ್ಪೆ ಅನ್ನುವುದು ಒಂದು ತರಕಾರಿ. ದಾಳಿಂಬೆ ಸಿಪ್ಪೆ ಒಣಗಿಸಿಟ್ಟು, ಹೊಟ್ಟೆ ಕೆಟ್ಟ ದಿನ ಅದರದ್ದೇ ತಂಬುಳಿ. ನಮ್ಮ ತವರು ಮಂಡ್ಯದ ಕಡೆ. ನಾವೇನೂ ಕಡಿಮೆ ಇಲ್ಲ. ಹೀರೇಕಾಯಿ ಸಿಪ್ಪೆ ಚಟ್ನಿಯ ಆಸೆಗೇ ಅಮ್ಮ ಹೀರೇಕಾಯಿ ತರುತ್ತಿದ್ದಳು. ಒಬ್ಬಟ್ಟಿನ ಸಾರನ್ನೇ ನೋಡಿ. ಬೇಳೆ ಬೇಯಿಸಿ ಬಸಿದ ಕಟ್ಟು ಚೆಲ್ಲಬಾರದು ಅಂತ ಯಾವಳೋ ಜಾಣೆ ಮಾಡಿದ್ದಿರಬೇಕು. ಈಗ ಒಬ್ಬಟ್ಟು ಬೇಡ, ಸಾರು ಇದೆಯಾ ಅಂತ ಕೇಳುವವರೇ ಜಾಸ್ತಿ.

ಕಲ್ಲಂಗಡಿ ಸಿಪ್ಪೆ ದೋಸೆಗೆ ಹೊರಗಿನ ಗಟ್ಟಿ ಹಸಿರು ಹೆರೆದು ತೆಗೆಯಬೇಕು. ಕೆಂಪು ತಿರುಳಿಗೂ ಹಸಿರಿಗೂ ನಡುವೆ ಇರುವ ಬಿಳಿ ಭಾಗ ಬೇಕಾದದ್ದು. ಎರಡು ಲೋಟ ದೋಸೆ ಅಕ್ಕಿ, ಒಂದು ಚಮಚ ಮೆಂತ್ಯ ನಾಲ್ಕು ಗಂಟೆ ನೆನೆಯಲಿ. ಹೆಚ್ಚಿದ ಬಿಳಿ ಭಾಗ ಮೂರು ಲೋಟದಷ್ಟು. ಮೊದಲು ಅದನ್ನೇ ರುಬ್ಬಿದರೆ ನೀರು ಬಿಡುತ್ತದೆ, ಆ ನೀರಿನಲ್ಲೇ ಅಕ್ಕಿ ನುಣ್ಣಗೆ ರುಬ್ಬುವುದು. ಬೇರೆ ನೀರು ಹಾಕಿದರೆ ಕೆಟ್ಟಿತು, ದೋಸೆ ಕಾವಲಿ ಬಿಟ್ಟು ಏಳುವುದಿಲ್ಲ. ಉಪ್ಪು ಹಾಕಿದರೆ ಮುಗಿಯಿತು. ಉದ್ದು ಬೇಡ, ಹುದುಗು ಬರುವುದೂ ಬೇಡ. ಮಿಕ್ಸಿ ಬೆಣ್ಣೆಯ ಹಾಗೆ ರುಬ್ಬಿತು. ಇವರು ಪಕ್ಕದಲ್ಲೇ ನಿಂತು ನೋಡಿದರು.

ಸಂಜೆ ಕರೆಂಟಿನ ಮಾತು ಬಂತು. ಇದನ್ನು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಗೃಹಜ್ಯೋತಿ ಎಂದರೆ 200 ಯೂನಿಟ್ ಫ್ರೀ ಎಂದು ಎಲ್ಲರ ಬಾಯಲ್ಲೂ ಇದೆ. ನಿಜವಾದ ಲೆಕ್ಕ ಬೇರೆ. 2022-23ರಲ್ಲಿ ಆ ಮನೆ ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಉರಿಸಿತ್ತೋ, ಅದಕ್ಕೆ ಶೇ 10 ಸೇರಿಸಿ, ಅಷ್ಟು ಫ್ರೀ. ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ಮೀರಿದರೆ ಪೂರ್ತಿ ಬಿಲ್. ಆ ವರ್ಷ ಈ ಮನೆಯಲ್ಲಿ ಇದ್ದದ್ದು ಅತ್ತೆ, ಮಾವ ಇಬ್ಬರೇ. ನಾವಿನ್ನೂ ಬೆಂಗಳೂರಿನಲ್ಲಿದ್ದೆವು. ಮಾವ ಎಂಥವರೆಂದರೆ, ಟಿವಿಯನ್ನು ರಿಮೋಟಿನಲ್ಲಿ ಆರಿಸಿದರೆ ಆರಿಸಿದ ಹಾಗೇ ಅಲ್ಲ, ಎದ್ದು ಹೋಗಿ ಸ್ವಿಚ್ ಒತ್ತಬೇಕು. ಪೇಪರಿನ ಅಕ್ಷರ ಕಾಣುವ ತನಕ ಜಗಲಿಯಲ್ಲಿ ಲೈಟ್ ಹಾಕುತ್ತಿರಲಿಲ್ಲ. ಅವರ ಸರಾಸರಿ 60 ಯೂನಿಟ್. ಹಾಗಾಗಿ ಮನೆಗೆ ಸಿಕ್ಕಿದ್ದು 66. ಪಕ್ಕದ ಮನೆಯಲ್ಲಿ ಗೀಸರ್ ಬೆಳಗಿನಿಂದ ಹತ್ತರ ತನಕ ಆನ್ ಇರುತ್ತಿತ್ತು. ಅವರ ಸರಾಸರಿ 150, ಈಗ ಅವರಿಗೆ 165 ಫ್ರೀ.

ನಾವು ನಾಲ್ಕು ಜನ ಬೇಸಿಗೆಯಲ್ಲಿ ಫ್ಯಾನ್ ಹಾಕಿಕೊಂಡು 66ರಲ್ಲಿ ಬದುಕುವುದು ಎಲ್ಲಿ? ಪ್ರತಿ ತಿಂಗಳೂ ದಾಟುತ್ತೇವೆ. ಉಳಿಸಿದವರಿಗೆ ಕಡಿಮೆ, ಉರಿಸಿದವರಿಗೆ ಜಾಸ್ತಿ. ಇದು ಯಾವ ನ್ಯಾಯ ಎಂದು ನಾನು ಬಿಲ್ ಬಂದಾಗಲೆಲ್ಲ ಕೂಗಾಡುತ್ತೇನೆ. ಇವತ್ತೂ ಕೂಗಾಡಿದೆ. ಮಗಳು 'ಹಾಗಾದ್ರೆ ತಾತ ಉಳಿಸಿದ್ದನ್ನ ಯಾವ ಕಾಲಮಿಗೆ ಹಾಕ್ಲಿ?' ಎಂದು ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಅತ್ತೆ ಎದ್ದು ಜಗಲಿಗೆ ಹೋಗಿ ಕೂತರು. ಲೈಟ್ ಹಾಕಲಿಲ್ಲ.

ರಾತ್ರಿ ಎಂಟಕ್ಕೆ ದೋಸೆ ಶುರು. ಅತ್ತೆ ಮದುವೆಯಾಗಿ ಬಂದಾಗ ತಂದ ಕಬ್ಬಿಣದ ಕಾವಲಿ. ಅದಕ್ಕೆ ಎಣ್ಣೆ ಸವರುವುದು ಅರ್ಧ ಈರುಳ್ಳಿಯಲ್ಲಿ. ಸಿಪ್ಪೆ ದೋಸೆ ತೆಳ್ಳಗೆ, ಮೆತ್ತಗೆ ಬರುತ್ತದೆ, ಕಲ್ಲಂಗಡಿಯ ವಾಸನೆ ಇದೆಯೋ ಇಲ್ಲವೋ ಅನ್ನುವಷ್ಟು. ಮೇಲೆ ಜೋನಿ ಬೆಲ್ಲ, ತುಪ್ಪ. ಇವರಿಗೆ ಆರು ಹೊಯ್ದೆ, ಮಗಳಿಗೆ ನಾಲ್ಕು, ಅತ್ತೆಗೆ ಮೂರು. ನನ್ನ ಮೊದಲನೆಯದು ಕಾವಲಿಯಿಂದ ಎತ್ತುತ್ತಿದ್ದ ಹಾಗೇ ಉರಿ ಒಮ್ಮೆ ನೀಲಿಯಾಗಿ ಕುಣಿದು ಪುಸಕ್ಕನೆ ಆರಿತು.

ಕೆಂಪು ಪೆನ್ನು ತೆಗೆದುಕೊಂಡು ಕ್ಯಾಲೆಂಡರಿನಲ್ಲಿ 27ರ ಮನೆಗೆ ಗುರುತು ಹಾಕಿದೆ. ಎರಡನೇ ಸಿಲಿಂಡರ್ ಹಿತ್ತಲಲ್ಲಿತ್ತು. ಇವರನ್ನು ಕರೆಯಲು ತಿರುಗಿದೆ.

'ಅವನನ್ನ ಆಮೇಲೆ ಕರಿ' ಅಂದರು ಅತ್ತೆ. 'ಕಾವಲಿ ಬಿಸಿ ಇದೆಯಲ್ಲ, ಇನ್ನೊಂದು ಹೊಯ್ಯಿ. ಮುಚ್ಚಳ ಮುಚ್ಚು.'

ಹೊಯ್ದು ಮುಚ್ಚಿದೆ. ಇಬ್ಬರೂ ಒಲೆಯ ಮುಂದೆ ನಿಂತು ಕಾದೆವು. ಎಷ್ಟು ನಿಮಿಷವಾಯಿತೋ, ಮಗಳು ಅಷ್ಟು ಹೊತ್ತಿಗೆ ನೋಟ್‌ಬುಕ್ ಪಕ್ಕಕ್ಕಿಟ್ಟು ಟಿವಿ ಮುಂದೆ ಕೂತಿದ್ದಳು. ಅಂಚು ನಿಧಾನಕ್ಕೆ ಎದ್ದಿತು. ಸ್ವಲ್ಪ ಬೆಳ್ಳಗಿತ್ತು, ಆದರೆ ಬೆಂದಿತ್ತು.